ತರಿ ಜಮೀನು, ನಿವೇಶನ, ನೆರೆ: ಕುಶಾಲನಗರದಿಂದ ಶಿರಂಗಾಲದವರೆಗಿನ ಕಾವೇರಿ ಬಯಲು

ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರಕ್ಕೆ ಬರುವ ಹೊತ್ತಿಗೆ ಕಾವೇರಿಯ ಇಕ್ಕೆಲದ ನೆಲ ತಗ್ಗಿ ಸಮತಟ್ಟಾಗುತ್ತದೆ. ಅಲ್ಲಿಂದ ಹೊಳೆ ಉತ್ತರಕ್ಕೆ ಹರಿದು, ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು, ಕಣಿವೆಯನ್ನು ದಾಟಿ ಶಿರಂಗಾಲದ ಕಡೆಯಿಂದ ಕೊಡಗನ್ನು ಬಿಡುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಮನೆ ಬೇಕೆಂಬ ಒತ್ತಡ ಮತ್ತು ನೀರು ನಿಲ್ಲುವ ನೆಲ ಎದುರುಬದುರಾಗುವ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮಂಗಳೂರಿನಂಥ ಕರಾವಳಿ ನಗರಗಳಿಗೆ ಕಟ್ಟುತ್ತೇವೆ. ಕರಾವಳಿಗಾದರೋ 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಒಂದು ಗೆರೆಯಾದರೂ ಇದೆ. ಕಾವೇರಿಯ ಈ ಬಯಲಿಗೆ ಅಂಥ ಕೇಂದ್ರ ಅಧಿಸೂಚನೆ ಇಲ್ಲ.

ಇಲ್ಲಿ ನೀರು ಹಿಡಿದಿಡುವ ನೆಲ ಎಂದರೆ ಮುಖ್ಯವಾಗಿ ಭತ್ತದ ಗದ್ದೆ. ಒಂದು ಎಕರೆ ಗದ್ದೆಯ ಮೇಲೆ ಒಂದಡಿ ನೀರು ಹರಡಿ ನಿಂತರೆ ಅದು ಸುಮಾರು 12 ಲಕ್ಷ ಲೀಟರ್. ಅದೇ ಗದ್ದೆಗೆ ಒಂದು ಮೀಟರ್ ಎತ್ತರಕ್ಕೆ ಮಣ್ಣು ತುಂಬಿಸಿ ನಿವೇಶನ ಮಾಡಿದರೆ ನಾಲ್ಕು ಸಾವಿರ ಘನ ಮೀಟರ್‌ಗೂ ಹೆಚ್ಚು ಮಣ್ಣು ಬೀಳುತ್ತದೆ. ನೆರೆಯ ದಿನ ಆ ಜಾಗದಲ್ಲಿ ನಿಲ್ಲಬೇಕಿದ್ದ 40 ಲಕ್ಷ ಲೀಟರ್ ನೀರು ಪಕ್ಕದ ಗದ್ದೆಗೋ ಪಕ್ಕದ ಮನೆಗೋ ಹೋಗಬೇಕಾಗುತ್ತದೆ. ಮೊದಲು ಮಣ್ಣು ತುಂಬಿಸಿದವನ ಮನೆ ಉಳಿಯಬಹುದು, ತುಂಬಿಸಲು ದುಡ್ಡಿಲ್ಲದವನ ಅಂಗಳ ಹೊಂಡವಾಗುತ್ತದೆ. ಕುಶಾಲನಗರದ ಮಟ್ಟಿಗೆ ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಟ್ಟಣ ಇರುವುದು ಸಂಗಮಕ್ಕಿಂತ ಮೇಲೆ. ಹಾರಂಗಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕೂಡಿಗೆಯಲ್ಲಿ ಹೊಳೆಯ ಮಟ್ಟ ಏರುತ್ತದೆ, ಮೇಲಿನ ಕಾವೇರಿಯ ನೀರು ಇಳಿಯುವುದು ನಿಧಾನವಾಗುತ್ತದೆ. ಆ ಹೊತ್ತಿಗೆ ದಡದ ಬಯಲು ತೆರವಾಗಿರಬೇಕು.

ಕಾನೂನು ಈ ಗದ್ದೆಯನ್ನು ಹೇಗೆ ನೋಡುತ್ತದೆ? 2017ರ ಜೌಗುಭೂಮಿ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಿಂದ ನದಿಯ ಪಾತ್ರವನ್ನೂ ಭತ್ತದ ಗದ್ದೆಯನ್ನೂ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನೂ ಸ್ಪಷ್ಟ ಮಾತಿನಲ್ಲಿ ಹೊರಗಿಟ್ಟಿವೆ. ಹತ್ತು ವರ್ಷಗಳ ಸರಾಸರಿ ನೆರೆಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕೂಡದೆಂಬ ಒಳ್ಳೆಯ ಷರತ್ತು ಅದೇ ನಿಯಮಗಳಲ್ಲಿದ್ದರೂ ಕಾವೇರಿ ದಡದ ಗದ್ದೆಗೆ ಅದರ ರಕ್ಷಣೆ ತಾಗುವುದಿಲ್ಲ. ಭಾರತವೂ ಸದಸ್ಯನಾಗಿರುವ, ಜೌಗುಭೂಮಿಗಳ ಕುರಿತ ರಾಮ್ಸರ್ ಒಪ್ಪಂದ 2008ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ಸಮಾವೇಶದಲ್ಲಿ ಭತ್ತದ ಗದ್ದೆಗಳನ್ನು ಜೌಗು ವ್ಯವಸ್ಥೆಗಳೆಂದೇ ಪರಿಗಣಿಸಿ ನಿರ್ಣಯ ಕೈಗೊಂಡಿತ್ತು. ನಮ್ಮ ನಿಯಮಗಳು ಬಂದದ್ದು ಅದಾದ ಒಂಬತ್ತು ವರ್ಷಗಳ ಮೇಲೆ. ಇದು ನನಗೆ ದೊಡ್ಡ ಹಿನ್ನಡೆಯಾಗಿ ಕಾಣುತ್ತದೆ.

ಇನ್ನು ರಾಜ್ಯದ ಕಾನೂನು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಭೂಪರಿವರ್ತನೆಗೆ ಅರ್ಜಿ ಹಾಕಿದಾಗ ಜಮೀನು ಕೃಷಿಯದೋ ಅಲ್ಲವೋ ಎಂಬುದೇ ಮುಖ್ಯ ವಿಚಾರವಾಗುತ್ತದೆ. ಎತ್ತರದ ಹೊಲಕ್ಕೂ ಹೊಳೆಯಂಚಿನ ಗದ್ದೆಗೂ ದಾರಿ ಒಂದೇ. ಆದರೆ ಪಹಣಿಯಲ್ಲಿ ಈ ವ್ಯತ್ಯಾಸ ಮೊದಲಿನಿಂದಲೂ ಇದೆ: ಖುಷ್ಕಿ (ಒಣ ಜಮೀನು), ತರಿ (ಗದ್ದೆ), ಬಾಗಾಯ್ತು (ತೋಟ). ಕೊಡಗಿನ ಹಳೆಯ ಹಿಡುವಳಿ ಪದ್ಧತಿಯಲ್ಲಂತೂ ಗದ್ದೆಯೇ ಮೂಲ. ಜಮ್ಮಾ ಗದ್ದೆಗೆ, ಅಂದರೆ ವಂಶಪಾರಂಪರ್ಯ ಹಿಡುವಳಿಯ ಗದ್ದೆಗೆ, ಸೊಪ್ಪು, ಸೌದೆ, ಮೇವು ಒದಗಲೆಂದು ಬಾಣೆ ಎಂಬ ಮರಗಾಡಿನ ನೆಲವನ್ನು ಅದಕ್ಕೆ ಅಂಟಿಸಿ ಕೊಡುತ್ತಿದ್ದರು. ಬಾಣೆ ಕಾಫಿ ತೋಟವಾಗಿ ಬೆಲೆ ಕಂಡ ಮೇಲೆ ಗದ್ದೆಯ ಬಲ ಕುಗ್ಗಿತು. ಆಳಿಲ್ಲ, ಆನೆ ಕಾಟ, ಭತ್ತದಲ್ಲಿ ಗಿಟ್ಟುವುದಿಲ್ಲ ಎಂಬ ಕಾರಣಗಳಿಗೆ ಗದ್ದೆ ಪಾಳು ಬಿದ್ದದ್ದುಂಟು, ಶುಂಠಿಗೆ ಗುತ್ತಿಗೆ ಹೋದದ್ದುಂಟು. ಪಟ್ಟಣದ ಬಳಿಯ ಪಾಳುಗದ್ದೆಗೆ ಮುಂದೆ ಬರುವವನು ನಿವೇಶನದ ವ್ಯಾಪಾರಿ.

ಮನೆ ಕೇಳುವವರೆಲ್ಲರೂ ವ್ಯಾಪಾರಿಗಳಲ್ಲ. 2019ರಲ್ಲಿ ಸಿದ್ದಾಪುರದ ಬಳಿಯ ನೆಲ್ಯಹುದಿಕೇರಿ, ಕರಡಿಗೋಡುಗಳಲ್ಲಿ ಮನೆ ಕಳೆದುಕೊಂಡವರಲ್ಲಿ ಬೇರೆಲ್ಲೂ ಜಾಗ ಸಿಗದೆ ಹೊಳೆದಡದಲ್ಲಿ ಸೂರು ಕಟ್ಟಿಕೊಂಡ ಕೂಲಿಕಾರರಿದ್ದರು. 2018ರಲ್ಲಿ ಗುಡ್ಡ ಜಾರಿ ನೆಲೆ ತಪ್ಪಿದವರೂ ಇದ್ದಾರೆ. ಇಳಿಜಾರನ್ನು ಕಡಿದು ಕಟ್ಟಿದ್ದು ಆ ಕುಸಿತಗಳಿಗೆ ಒಂದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಆಗ ಗುರುತಿಸಿತ್ತು. ಬೆಟ್ಟದಲ್ಲೂ ಬೇಡ, ಗದ್ದೆಯಲ್ಲೂ ಬೇಡ ಎಂದರೆ ಇವರು ಹೋಗುವುದೆಲ್ಲಿಗೆ? ಇದಕ್ಕೆ ಉತ್ತರ ಕೊಡದ ಯಾವ ಸಂರಕ್ಷಣೆಯೂ ನ್ಯಾಯವಲ್ಲ.

ಈ ಪ್ರಶ್ನೆಯ ಉತ್ತರದ ಒಂದು ಭಾಗ ಗಡಿಯಾಚೆ, ಕೇರಳದಲ್ಲಿದೆ. ಮಂಜೇಶ್ವರ, ಕುಂಬಳೆಯ ಕನ್ನಡಿಗರು 2008ರ ಆಗಸ್ಟ್‌ನಿಂದ ಕೇರಳದ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಡಿ ಬಾಳುತ್ತಿದ್ದಾರೆ. ಅದು ಗದ್ದೆಯ ಪರಿವರ್ತನೆಯನ್ನು ನಿಷೇಧಿಸಿ, ವಾಸದ ಮನೆಗೆ ಮಾತ್ರ ಸಣ್ಣ ಬಾಗಿಲೊಂದನ್ನು ತೆರೆದಿಟ್ಟಿದೆ. ಮನೆ ಕಟ್ಟಲು ಬೇರೆ ತಕ್ಕ ಜಾಗವಿಲ್ಲದ ಮಾಲೀಕ ತನ್ನ ಗದ್ದೆಯಲ್ಲಿ ಪಂಚಾಯತಿಯಾದರೆ 10 ಸೆಂಟ್ಸ್, ನಗರಸಭೆಯಾದರೆ 5 ಸೆಂಟ್ಸ್ ಮೀರದಂತೆ ಅನುಮತಿ ಕೇಳಬಹುದು. ಅರ್ಜಿ ಸ್ಥಳೀಯ ಸಮಿತಿಯ ಮುಂದೆ ಬರುತ್ತದೆ, ನೀರಿನ ಹರಿವಿಗೂ ಪಕ್ಕದ ಗದ್ದೆಗೂ ತೊಂದರೆಯಾಗುವುದೇ ಎಂದು ನೋಡಬೇಕಾಗುತ್ತದೆ. ಐದು ಸೆಂಟ್ಸ್ ಎಂದರೆ 2,178 ಚದರಡಿ. ನಮ್ಮ ಮೂವತ್ತು-ನಲವತ್ತರ ನಿವೇಶನವೊಂದು ಅದರಲ್ಲಿ ಧಾರಾಳವಾಗಿ ಹಿಡಿಯುತ್ತದೆ, ಬಡಾವಣೆ ಹಿಡಿಯುವುದಿಲ್ಲ. ಮನೆಯ ಅಗತ್ಯವನ್ನೂ ನಿವೇಶನದ ಮಾರಾಟವನ್ನೂ ಹೀಗೆ ಅಳತೆಯಿಂದಲೇ ಬೇರ್ಪಡಿಸಿದ್ದು ಆ ಕಾಯ್ದೆಯ ಸಾರ ಎಂದು ನನ್ನ ಎಣಿಕೆ.

ಕೇರಳದಲ್ಲಿ ಎಲ್ಲವೂ ನೆಟ್ಟಗಾಗಿಲ್ಲ. ಯಾವ ಸರ್ವೆ ನಂಬರು ಗದ್ದೆ ಎಂಬ ದತ್ತಾಂಶ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಗಿ ಬಂದು ವರ್ಷಗಟ್ಟಲೆ ಎಳೆಯಿತು, ತಪ್ಪುಗಳೂ ನುಸುಳಿದವು. 2018ರ ತಿದ್ದುಪಡಿ, ಪಟ್ಟಿಯಲ್ಲಿಲ್ಲದ ಜಮೀನನ್ನು ಶುಲ್ಕ ಕಟ್ಟಿ ಪರಿವರ್ತಿಸಿಕೊಳ್ಳಲು ದಾರಿ ಮಾಡಿತು. ಕರ್ನಾಟಕಕ್ಕೆ ಈ ತೊಡಕು ಅಷ್ಟಿಲ್ಲ, ಪಹಣಿಯ ತರಿ ನಮೂದನ್ನೇ ಮೊದಲ ಪಟ್ಟಿಯಾಗಿ ಹಿಡಿಯಬಹುದು. ಅದರ ಮೇಲೆ 2018 ಮತ್ತು 2019ರಲ್ಲಿ ನೀರು ಬಂದ ಗಡಿಯನ್ನು ಎಳೆದರೆ ಎರಡೂ ಕೂಡುವ ಸರ್ವೆ ನಂಬರುಗಳು ಕಾಣುತ್ತವೆ. ಅಲ್ಲಿ ಬಡಾವಣೆಗೆ ಪರಿವರ್ತನೆ ನಿಲ್ಲಬೇಕು.

ಶಿರಂಗಾಲಕ್ಕೆ ಈ ಕೆಲಸ ಈಗಲೇ ಆಗಬೇಕು. ಕುಶಾಲನಗರದಿಂದ ಹಾಸನದ ಕಡೆಗೆ ಹೋಗುವ ದಾರಿ ಕೂಡಿಗೆ, ಹೆಬ್ಬಾಲೆ, ಶಿರಂಗಾಲಗಳ ಮೂಲಕವೇ ಸಾಗುವುದರಿಂದ ಪಟ್ಟಣ ಬೆಳೆದಂತೆ ನಿವೇಶನದ ಬೇಡಿಕೆಯೂ ಆ ದಾರಿ ಹಿಡಿಯುತ್ತದೆ. ಕಾಫಿ ಬೆಟ್ಟಗಳಂತಲ್ಲದೆ ಈ ಭಾಗದಲ್ಲಿ ಜಾರದ, ಹೊಳೆಯಿಂದ ಎತ್ತರದಲ್ಲಿರುವ ಖುಷ್ಕಿ ಜಮೀನಿದೆ. ಸರ್ಕಾರಿ ವಸತಿ ಯೋಜನೆಗಳೂ ಖಾಸಗಿ ಬಡಾವಣೆಗಳೂ ಅಲ್ಲಿಗೆ ಹೋಗಲಿ, ರಸ್ತೆ, ಕುಡಿಯುವ ನೀರು, ಚರಂಡಿ ಮೊದಲು ಅಲ್ಲಿಗೆ ತಲುಪಲಿ.

ಉಳಿಯುವುದು ಗದ್ದೆಯವನ ಪಾಡು. ಖುಷ್ಕಿಯವನಿಗೆ ನಿವೇಶನದ ಬೆಲೆ ಸಿಕ್ಕಿ, ತರಿಯವನು ಊರಿನ ನೆರೆಯನ್ನು ಪುಕ್ಕಟೆಯಾಗಿ ಹೊರಬೇಕೆಂದರೆ ಅವನು ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ಕೇರಳ 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲು ಆರಂಭಿಸಿತು. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 800 ರೂಪಾಯಿ. ಶುಂಠಿ ಗುತ್ತಿಗೆಯ ಮುಂದೆ ಆ ಮೊತ್ತ ನಿಲ್ಲದು. ಪಂಚಾಯತಿಯ ವ್ಯಾಪ್ತಿಯಲ್ಲಿ ಖುಷ್ಕಿ ಪರಿವರ್ತನೆಯಿಂದ ಬರುವ ಶುಲ್ಕದ ಒಂದು ಪಾಲನ್ನು ಅದೇ ಪಂಚಾಯತಿಯ ತರಿ ಹಿಡುವಳಿದಾರರಿಗೆ ವರ್ಷವರ್ಷ ಹಂಚುವಂತೆ ನಿಯಮ ಮಾಡಿದರೆ ಮೊತ್ತ ದೊಡ್ಡದಾದೀತು. ಎತ್ತರದಲ್ಲಿ ಮನೆಗಳು ಹೆಚ್ಚಿದಷ್ಟೂ ತಗ್ಗಿನ ಗದ್ದೆಗೆ ಬರುವ ಹಣವೂ ಹೆಚ್ಚುತ್ತದೆ.