ನಾಟ್ (ಏಕಮಾನ)

ನಾಟ್ ಎಂಬುದು ನೌಕಾಯಾನ, ವಿಮಾನಯಾನ ಹಾಗೂ ಹವಾಮಾನಶಾಸ್ತ್ರಗಳಲ್ಲಿ ಬಳಕೆಯಲ್ಲಿರುವ ವೇಗದ ಏಕಮಾನ. ಒಂದು ಗಂಟೆಯಲ್ಲಿ ಒಂದು ನಾಟಿಕಲ್ ಮೈಲಿ ದೂರವನ್ನು ಕ್ರಮಿಸುವ ವೇಗವೇ ಒಂದು ನಾಟ್. ಇದು ಗಂಟೆಗೆ 1.852 ಕಿಲೋಮೀಟರ್‌ಗೆ, ಅಂದರೆ ಸೆಕೆಂಡಿಗೆ ಸುಮಾರು 0.514 ಮೀಟರ್‌ಗೆ ಸಮ.

ಪದದ ಮೂಲ

ಇಂಗ್ಲಿಷಿನಲ್ಲಿ ಈ ಪದದ ಮೂಲ ಅರ್ಥ ಹಗ್ಗದ ಗಂಟು. ವೇಗಮಾಪಕ ಯಂತ್ರಗಳಿಲ್ಲದ ಕಾಲದಲ್ಲಿ ನಾವಿಕರು ಹಡಗಿನ ವೇಗವನ್ನು ‘ಚಿಪ್ ಲಾಗ್’ ಎಂಬ ಸಾಧನದಿಂದ ಅಳೆಯುತ್ತಿದ್ದರು. ವೃತ್ತದ ಕಾಲುಭಾಗದ ಆಕಾರದ ಮರದ ಹಲಗೆಯ ಬಾಗಿದ ಅಂಚಿಗೆ ಸೀಸದ ಭಾರವನ್ನು ಕೂಡಿಸಿ, ಅದನ್ನು ಉದ್ದನೆಯ ಹಗ್ಗಕ್ಕೆ ಕಟ್ಟಿ, ಹಡಗಿನ ಹಿಂಭಾಗದಿಂದ ನೀರಿಗೆ ಬಿಡುತ್ತಿದ್ದರು. ಹಲಗೆಯು ನೀರಿನಲ್ಲಿ ನೆಟ್ಟಗೆ ನಿಂತು ಬಹುಮಟ್ಟಿಗೆ ಇದ್ದಲ್ಲಿಯೇ ಉಳಿಯುತ್ತಿತ್ತು. ಹಡಗು ಮುಂದೆ ಸಾಗಿದಂತೆ ಹಗ್ಗವು ಸುರುಳಿಯಿಂದ ಬಿಚ್ಚಿಕೊಳ್ಳುತ್ತಿತ್ತು. ಪ್ರಚಲಿತವಾಗಿದ್ದ ಒಂದು ಕ್ರಮದಲ್ಲಿ ಹಗ್ಗಕ್ಕೆ 47 ಅಡಿ 3 ಅಂಗುಲಗಳ ಅಂತರದಲ್ಲಿ ಗಂಟುಗಳನ್ನು ಹಾಕಲಾಗುತ್ತಿತ್ತು. 28 ಸೆಕೆಂಡಿನ ಮರಳು ಗಡಿಯಾರ ಬರಿದಾಗುವಷ್ಟರಲ್ಲಿ ನಾವಿಕನ ಕೈಯಿಂದ ಜಾರಿದ ಗಂಟುಗಳ ಸಂಖ್ಯೆಯೇ ಹಡಗಿನ ವೇಗವೆನಿಸುತ್ತಿತ್ತು. ಒಂದು ಗಂಟೆಯಲ್ಲಿ 28 ಸೆಕೆಂಡು ಎಷ್ಟನೆಯ ಪಾಲೋ, ಒಂದು ನಾಟಿಕಲ್ ಮೈಲಿಯಲ್ಲಿ ಈ ಅಂತರವೂ ಹೆಚ್ಚುಕಡಿಮೆ ಅಷ್ಟನೆಯ ಪಾಲು.

ನಾಟಿಕಲ್ ಮೈಲಿಯೊಂದಿಗೆ ಸಂಬಂಧ

ಅಕ್ಷಾಂಶದ ಒಂದು ಮಿನಿಟಿನ, ಅಂದರೆ ಒಂದು ಡಿಗ್ರಿಯ 60ನೆಯ ಒಂದು ಭಾಗದ ಉದ್ದವೇ ನಾಟಿಕಲ್ ಮೈಲಿಯ ಆಧಾರ. ಭೂಮಿ ಪರಿಪೂರ್ಣ ಗೋಳವಲ್ಲದ್ದರಿಂದ ಈ ಉದ್ದ ಸಮಭಾಜಕ ವೃತ್ತದ ಬಳಿ ಸುಮಾರು 1,843 ಮೀಟರ್, ಧ್ರುವಗಳ ಬಳಿ ಸುಮಾರು 1,862 ಮೀಟರ್ ಇದೆ. 1929ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಜಲಮಾಪನ ಸಮ್ಮೇಳನವು ಇದನ್ನು 1,852 ಮೀಟರ್ ಎಂದು ನಿಗದಿಪಡಿಸಿತು. ನಕ್ಷೆಯ ಅಕ್ಷಾಂಶದ ಅಳತೆಯಿಂದಲೇ ದೂರವನ್ನೂ ಪ್ರಯಾಣಕ್ಕೆ ಬೇಕಾದ ಸಮಯವನ್ನೂ ಲೆಕ್ಕಹಾಕಬಹುದಾದ್ದರಿಂದ, ಮೆಟ್ರಿಕ್ ಪದ್ಧತಿ ಬಂದ ನಂತರವೂ ನಾಟ್ ಬಳಕೆಯಲ್ಲಿ ಉಳಿದಿದೆ.

ಬಳಕೆ ಮತ್ತು ತಪ್ಪು ಬಳಕೆ

ನಾಟ್ ಸ್ವತಃ ವೇಗದ ಏಕಮಾನವಾದ್ದರಿಂದ ‘ಹಡಗು 12 ನಾಟ್ ವೇಗದಲ್ಲಿ ಚಲಿಸುತ್ತಿದೆ’ ಎಂಬುದು ಸರಿಯಾದ ಪ್ರಯೋಗ. ‘ಗಂಟೆಗೆ 12 ನಾಟ್’ ಎಂಬುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ದೂರವನ್ನು ಹೇಳುವಾಗ ನಾಟಿಕಲ್ ಮೈಲಿಯನ್ನೇ ಬಳಸಬೇಕು. ಉದಾಹರಣೆಗೆ, ಭಾರತದ ಪ್ರಾದೇಶಿಕ ಜಲವ್ಯಾಪ್ತಿ 12 ನಾಟಿಕಲ್ ಮೈಲಿಗಳು, ಅಂದರೆ ಸುಮಾರು 22 ಕಿಲೋಮೀಟರ್.

ನಾಟ್ ಮತ್ತು ಕಿಲೋಮೀಟರ್‌ಗಳ ನಡುವಿನ ಗೊಂದಲ ಅಪಾಯಕ್ಕೂ ಎಡೆಮಾಡಬಲ್ಲದು. ಭಾರತ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ನಿರಂತರ ಗಾಳಿಯ ಗರಿಷ್ಠ ವೇಗ 17ರಿಂದ 27 ನಾಟ್ ಇದ್ದರೆ ಅದು ವಾಯುಭಾರ ಕುಸಿತ; 34ರಿಂದ 47 ನಾಟ್ ಇದ್ದರೆ ಚಂಡಮಾರುತ. 34 ನಾಟ್ ಎಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್. ಇದನ್ನು ಗಂಟೆಗೆ 34 ಕಿಲೋಮೀಟರ್ ಎಂದು ಓದಿಕೊಂಡರೆ ಅದು ಸುಮಾರು 18 ನಾಟ್ ಆಗುತ್ತದೆ; ಆಗ ಚಂಡಮಾರುತದ ಎಚ್ಚರಿಕೆಯು ವಾಯುಭಾರ ಕುಸಿತದಂತೆ ತೋರುತ್ತದೆ. ಅರಬ್ಬೀ ಸಮುದ್ರಕ್ಕೆ ಇಳಿಯುವ ಕರಾವಳಿಯ ಮೀನುಗಾರರಿಗೆ ಈ ವ್ಯತ್ಯಾಸ ಬಹಳ ಮುಖ್ಯವಾದುದು.