ಮಾರ್ಚ್ ಆಫ್ ಡೈಮ್ಸ್

ಮಾರ್ಚ್ ಆಫ್ ಡೈಮ್ಸ್ ಎಂಬುದು ತಾಯಂದಿರ ಹಾಗೂ ನವಜಾತ ಶಿಶುಗಳ ಆರೋಗ್ಯಕ್ಕಾಗಿ ಕೆಲಸ ಮಾಡುವ ಅಮೆರಿಕದ ಸೇವಾಸಂಸ್ಥೆ. 1938ರಲ್ಲಿ ಅದು ಹುಟ್ಟಿಕೊಂಡದ್ದು ಪೋಲಿಯೊ ರೋಗದ ವಿರುದ್ಧ ಹೋರಾಡುವುದಕ್ಕೆ. ಹದಿನೇಳು ವರ್ಷಗಳಲ್ಲಿ ಲಸಿಕೆ ಕೈಗೆ ಬಂದು ಆ ಉದ್ದೇಶ ಬಹುಮಟ್ಟಿಗೆ ಈಡೇರಿತು. ಆಮೇಲೆ ಸಂಸ್ಥೆ ಬಾಗಿಲು ಹಾಕಲಿಲ್ಲ, ಬೇರೆ ಉದ್ದೇಶ ಹಿಡಿದು ಮುಂದುವರಿಯಿತು. ಈ ಕಾರಣಕ್ಕೆ ಸೇವಾಸಂಸ್ಥೆಗಳ ಆಡಳಿತವನ್ನೂ ದೇಣಿಗೆ ಸಂಗ್ರಹವನ್ನೂ ಅಭ್ಯಾಸ ಮಾಡುವವರು ಇಂದಿಗೂ ಇದನ್ನು ಉದಾಹರಣೆಯಾಗಿ ಎತ್ತಿಕೊಳ್ಳುತ್ತಾರೆ.

ಸಂಸ್ಥೆಯ ಮೂಲ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಯಿಲೆಯಲ್ಲಿದೆ. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಅವರ ಕಾಲುಗಳು ಸ್ವಾಧೀನ ಕಳೆದುಕೊಂಡವು. ಪೋಲಿಯೊ ಎಂದು ವೈದ್ಯರು ಹೇಳಿದರು. ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಗಳಿಂದ ಸ್ವಲ್ಪ ಆರಾಮ ಸಿಕ್ಕಿದ್ದರಿಂದ ಅವರು ಆ ಜಾಗವನ್ನೇ ಕೊಂಡು, 1927ರಲ್ಲಿ ಅಲ್ಲಿ ಚಿಕಿತ್ಸಾ ಪ್ರತಿಷ್ಠಾನ ಕಟ್ಟಿದರು. ಅದನ್ನು ನೋಡಿಕೊಳ್ಳುವ ಹೊಣೆ ಅವರ ವಕೀಲಿ ವೃತ್ತಿಯ ಪಾಲುದಾರ ಬೇಸಿಲ್ ಓಕಾನರ್ ಹೆಗಲಿಗೆ ಬಿತ್ತು. ಆರ್ಥಿಕ ಕುಸಿತದ ದಿನಗಳಲ್ಲಿ ಸಿರಿವಂತರ ಕೊಡುಗೆ ಬತ್ತಿದಾಗ, 1934ರ ಜನವರಿ 30ರಂದು, ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರ ಹುಟ್ಟುಹಬ್ಬದ ನೆಪದಲ್ಲಿ ದೇಶದ ಸಾವಿರಾರು ಊರುಗಳಲ್ಲಿ ನೃತ್ಯಕೂಟಗಳು ನಡೆದವು. ಒಂದೇ ರಾತ್ರಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಆದರೆ ರೂಸ್‌ವೆಲ್ಟರನ್ನು ಕಂಡರಾಗದವರು ಅವರ ಹುಟ್ಟುಹಬ್ಬಕ್ಕೆ ದುಡ್ಡು ಕೊಡುವರೆ? ರಾಜಕೀಯದ ಈ ನೆರಳಿನಿಂದ ಹೊರಬರಲೆಂದೇ 1938ರ ಜನವರಿ 3ರಂದು ಪಕ್ಷಾತೀತವಾದ ‘ನ್ಯಾಷನಲ್ ಫೌಂಡೇಶನ್ ಫಾರ್ ಇನ್‌ಫೆಂಟೈಲ್ ಪ್ಯಾರಾಲಿಸಿಸ್’ ಸ್ಥಾಪನೆಯಾಯಿತು. ಓಕಾನರ್ ಅದರ ಅಧ್ಯಕ್ಷರಾದರು. 1972ರಲ್ಲಿ ತೀರಿಕೊಳ್ಳುವವರೆಗೂ ಅವರೇ ಅಧ್ಯಕ್ಷರು.

ಈಗಿನ ಹೆಸರು ಒಬ್ಬ ಹಾಸ್ಯನಟನ ಕೊಡುಗೆ. ಎಡ್ಡಿ ಕ್ಯಾಂಟರ್ ಆಗಿನ ಜನಪ್ರಿಯ ವಾರ್ತಾಚಿತ್ರ ‘ಮಾರ್ಚ್ ಆಫ್ ಟೈಮ್’ನ ಹೆಸರನ್ನು ತಿರುಚಿ, ತಲೆಗೊಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ನೇರವಾಗಿ ಶ್ವೇತಭವನಕ್ಕೆ ಕಳಿಸಿ ಎಂದು ರೇಡಿಯೊದಲ್ಲಿ ಕರೆ ಕೊಟ್ಟರು. ಕೆಲವೇ ದಿನಗಳಲ್ಲಿ ಶ್ವೇತಭವನದ ಟಪಾಲು ಕೋಣೆ ಚೀಲಗಳಿಂದ ತುಂಬಿ, ಸರ್ಕಾರಿ ಕಾಗದಪತ್ರ ಯಾವುದು, ಮಕ್ಕಳು ಕಳಿಸಿದ ಲಕೋಟೆ ಯಾವುದು ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸವಾಯಿತು. ಲೆಕ್ಕ ಮುಗಿದಾಗ ಸಿಕ್ಕಿದ್ದು 26,80,000 ಡೈಮ್‌ಗಳು. ಮೊತ್ತ 2,68,000 ಡಾಲರ್ ಮಾತ್ರ, ನೃತ್ಯಕೂಟಗಳು ತಂದುದಕ್ಕಿಂತ ಬಹಳ ಕಡಿಮೆ. ಆದರೆ ಕೊಟ್ಟವರ ಸಂಖ್ಯೆಯೇ ಬೇರೆ. ಕೆಲವೇ ಶ್ರೀಮಂತರನ್ನು ನೆಚ್ಚಿಕೊಂಡಿದ್ದ ದಾನದ ಪದ್ಧತಿಯ ಪಕ್ಕದಲ್ಲಿ ಲಕ್ಷಾಂತರ ಸಾಮಾನ್ಯರ ಚಿಲ್ಲರೆ ಕಾಸಿನ ಪದ್ಧತಿಯೊಂದು ಎದ್ದುನಿಂತಿತು.

ಈ ಉತ್ಸಾಹ ಒಂದು ಸಲದ ಸಂಭ್ರಮವಾಗಿ ಕರಗದಂತೆ ಓಕಾನರ್ ನೋಡಿಕೊಂಡರು. ಕೌಂಟಿಗಳಲ್ಲಿ ಶಾಖೆಗಳನ್ನು ತೆರೆದರು. ಕೂಡಿದ ಹಣದಲ್ಲಿ ಅರ್ಧ ಆಯಾ ಊರಿನ ರೋಗಿಗಳ ಆರೈಕೆಗೆ, ಉಳಿದರ್ಧ ಸಂಶೋಧನೆಗೂ ಕೇಂದ್ರದ ಕೆಲಸಕ್ಕೂ ಎಂದು ಗೊತ್ತುಮಾಡಿದರು. ಪಕ್ಕದ ಮನೆಯ ಮಗುವಿಗೆ ಉಸಿರಾಟದ ಯಂತ್ರವೋ ಕಾಲಿಗೆ ಕಬ್ಬಿಣದ ಪಟ್ಟಿಯೋ ಬಂದುದನ್ನು ಕಣ್ಣಾರೆ ಕಂಡವರು ಮರುವರ್ಷ ಕೇಳುವ ಮೊದಲೇ ಕೊಡುತ್ತಿದ್ದರು. 1950ರ ಜನವರಿಯಲ್ಲಿ ಅರಿಜೋನಾದ ಫೀನಿಕ್ಸ್ ನಗರದ ತಾಯಂದಿರು ಇನ್ನೊಂದು ದಾರಿ ಹುಡುಕಿದರು. ಕೊಡಲು ಮನಸ್ಸಿರುವವರು ಸಂಜೆ ಜಗುಲಿಯ ದೀಪ ಹಚ್ಚಿಡಬೇಕು, ದೀಪ ಕಂಡ ಮನೆಗೆ ಮಾತ್ರ ಹೆಂಗಸರು ಹೋಗಿ ಬಾಗಿಲು ತಟ್ಟುತ್ತಾರೆ. ಒಂದು ಗಂಟೆಯಲ್ಲಿ ಸುಮಾರು 45,000 ಡಾಲರ್ ಬಂತು. ಕೇಳುವವರಿಗೆ ಮುಜುಗರವಿಲ್ಲ, ಕೊಡದವರಿಗೆ ಅವಮಾನವಿಲ್ಲ. ‘ಮದರ್ಸ್ ಮಾರ್ಚ್’ ಎಂಬ ಹೆಸರಿನಲ್ಲಿ ಇದು ದೇಶದುದ್ದಕ್ಕೂ ಹಬ್ಬಿತು.

ಎಲ್ಲ ದತ್ತಿ ಸಂಸ್ಥೆಗಳೂ ಒಟ್ಟಾಗಿ ವರ್ಷಕ್ಕೊಮ್ಮೆ ವಂತಿಗೆ ಎತ್ತಿ ಹಂಚಿಕೊಳ್ಳೋಣ ಎಂಬ ಸಲಹೆಯನ್ನು ಓಕಾನರ್ ಒಪ್ಪಲಿಲ್ಲ. ತಮ್ಮ ಸ್ವಯಂಸೇವಕರನ್ನು ಇನ್ನೊಬ್ಬರ ಸುಪರ್ದಿಗೆ ಕೊಡಲು ಅವರು ಸಿದ್ಧರಿರಲಿಲ್ಲ. ಇದರಿಂದ ಹಟಮಾರಿ ಎನಿಸಿಕೊಂಡರೂ ಮುಂದೆ ಸಂಸ್ಥೆಯನ್ನು ಉಳಿಸಿದ್ದು ಆ ಸ್ವಯಂಸೇವಕರ ಬಳಗವೇ.

ವರ್ಣಭೇದದ ಕಾಲದ ಕಲೆ ಸಂಸ್ಥೆಗೂ ಅಂಟಿತ್ತು. ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕಪ್ಪು ವರ್ಣೀಯ ರೋಗಿಗಳಿಗೆ ಪ್ರವೇಶವಿರಲಿಲ್ಲ. ಟೀಕೆ ಬಲವಾದ ಮೇಲೆ, 1941ರಲ್ಲಿ, ಅಲಬಾಮಾದ ಟಸ್ಕೀಗಿಯಲ್ಲಿ ಅವರಿಗಾಗಿ ಪ್ರತ್ಯೇಕ ಪೋಲಿಯೊ ಕೇಂದ್ರ ತೆರೆಯಿತು.

ಸಂಶೋಧನೆಗೆ ಹಾಕಿದ ಹಣ ನಿಧಾನವಾಗಿ ಫಲ ಕೊಟ್ಟಿತು. ಪೋಲಿಯೊ ವೈರಸ್ಸನ್ನು ನರಮಂಡಲದ ಹೊರಗಿನ ಅಂಗಾಂಶದಲ್ಲಿ ಬೆಳೆಸಬಹುದೆಂದು 1949ರಲ್ಲಿ ತೋರಿಸಿಕೊಟ್ಟ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಅವರಿಗೂ, ಪಿಟ್ಸ್‌ಬರ್ಗ್‌ನ ಜೋನಾಸ್ ಸಾಕ್ ಅವರಿಗೂ, ಬಾಯಿಯ ಮೂಲಕ ಕೊಡುವ ಲಸಿಕೆಯ ಆಲ್ಬರ್ಟ್ ಸೇಬಿನ್ ಅವರಿಗೂ ಸಂಸ್ಥೆ ನೆರವಾಗಿತ್ತು. 1952ರಲ್ಲಿ ಅಮೆರಿಕದಲ್ಲಿ ಸುಮಾರು 58,000 ಪ್ರಕರಣಗಳು ಕಂಡವು. 1954ರಲ್ಲಿ ಸಾಕ್ ಲಸಿಕೆಯ ಪ್ರಯೋಗದಲ್ಲಿ ಸುಮಾರು 18 ಲಕ್ಷ ಶಾಲಾ ಮಕ್ಕಳು ಪಾಲ್ಗೊಂಡರು. ಅದನ್ನು ನಡೆಸಿದ್ದು ಸರ್ಕಾರವಲ್ಲ, ಈ ಖಾಸಗಿ ಸಂಸ್ಥೆ ಎಂಬುದು ಈಗ ನಂಬಲು ಕಷ್ಟ. ಫಲಿತಾಂಶ ಬರುವ ಮೊದಲೇ ಓಕಾನರ್ ಔಷಧ ಕಂಪನಿಗಳಿಂದ 90 ಲಕ್ಷ ಡಾಲರಿನ ಲಸಿಕೆ ಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಲಸಿಕೆ ಸೋತಿದ್ದರೆ ಜನರ ಹಣ ನೀರಿನಲ್ಲಿ ಹೋಮವಾಗುತ್ತಿತ್ತು. 1955ರ ಏಪ್ರಿಲ್ 12ರಂದು ಲಸಿಕೆ ಸುರಕ್ಷಿತ, ಪರಿಣಾಮಕಾರಿ ಎಂಬ ಘೋಷಣೆ ಹೊರಬಿತ್ತು. ಅದೇ ತಿಂಗಳು ಒಂದು ತಯಾರಿಕಾ ಘಟಕದ ಲಸಿಕೆಯಲ್ಲಿ ಜೀವಂತ ವೈರಸ್ ಉಳಿದು ಮಕ್ಕಳು ರೋಗಕ್ಕೆ ತುತ್ತಾದರೂ, ತಯಾರಿಕೆಯ ನಿಯಮಗಳನ್ನು ಬಿಗಿಗೊಳಿಸಿ ಕಾರ್ಯಕ್ರಮ ಮುಂದುವರಿಯಿತು.

ಗೆಲುವಿನ ಬೆನ್ನಿಗೇ ಬಿಕ್ಕಟ್ಟು ಬಂತು. ಪೋಲಿಯೊ ಭಯ ಇಳಿದಂತೆ ದೇಣಿಗೆಯೂ ಇಳಿಯಿತು. ಆದರೆ ಈಗಾಗಲೇ ಅಂಗವಿಕಲರಾದವರ ಆರೈಕೆಯ ಖರ್ಚು ಹಾಗೇ ಇತ್ತು. ಕೆಲಸ ಮುಗಿಯಿತು, ಮುಚ್ಚಿಬಿಡಿ ಎಂಬ ಮಾತೂ ಕೇಳಿಬಂತು. ಸಂಸ್ಥೆ ಅವಸರಪಡದೆ ಮೊದಲು ತನ್ನವರ ಮನಸ್ಸು ತಿಳಿಯಲು ಹೊರಟಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರಿಂದ ಸ್ವಯಂಸೇವಕರ ಅಧ್ಯಯನ ಮಾಡಿಸಿತು. ಅದರಿಂದ ಮೂಡಿದ ಡೇವಿಡ್ ಸಿಲ್ಸ್ ಅವರ ‘ದಿ ವಾಲಂಟಿಯರ್ಸ್’ (1957) ಇಂದಿಗೂ ಈ ಕ್ಷೇತ್ರದ ಮುಖ್ಯ ಗ್ರಂಥ. ಜನರನ್ನು ಹಿಡಿದಿಟ್ಟಿರುವುದು ಪೋಲಿಯೊ ಒಂದೇ ಅಲ್ಲ, ಕೂಡಿ ಕೆಲಸ ಮಾಡುವ ಅಭ್ಯಾಸ ಮತ್ತು ಸಂಸ್ಥೆಯ ಮೇಲಿನ ಅಭಿಮಾನ ಕೂಡ; ಹಾಗಾಗಿ ಇನ್ನೊಂದು ಗುರಿಯನ್ನು ಈ ಬಳಗ ಹೊರಬಲ್ಲದು ಎಂಬುದು ಅದರ ತಿರುಳು.

1958ರಲ್ಲಿ ಹೆಸರಿನಿಂದ ‘ಇನ್‌ಫೆಂಟೈಲ್ ಪ್ಯಾರಾಲಿಸಿಸ್’ ಬಿತ್ತು. ಸಂಧಿವಾತ, ವೈರಸ್ ರೋಗಗಳು, ಶಿಶುಗಳ ಹುಟ್ಟುದೋಷಗಳು ಹೊಸ ಕಾರ್ಯಕ್ಷೇತ್ರಗಳಾದವು. ಸಂಧಿವಾತವನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ಮೂರನ್ನೂ ಒಟ್ಟಿಗೆ ಹಿಡಿದದ್ದು ಅತಿಯಾಸೆಯೇ ಸರಿ. ಹುಟ್ಟುದೋಷದ ಕೆಲಸ ಮಾತ್ರ ಬೇರೂರಿತು. ಮಗುವಿನ ಚಿತ್ರ ಹಾಕಿದ ಭಿತ್ತಿಪತ್ರ ಮೊದಲಿನದೇ, ಬಾಗಿಲು ತಟ್ಟುವ ತಾಯಂದಿರೂ ಅವರೇ ಆದ್ದರಿಂದ ಸ್ವಯಂಸೇವಕರಿಗೆ ಹೊಸ ಕೆಲಸ ಅಪರಿಚಿತವೆನಿಸಲಿಲ್ಲ. ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವ ಅಪ್ಗಾರ್ ಅಂಕಗಳ ಪದ್ಧತಿಯನ್ನು ರೂಪಿಸಿದ ಡಾ. ವರ್ಜೀನಿಯಾ ಅಪ್ಗಾರ್ 1959ರಲ್ಲಿ ಸಂಸ್ಥೆ ಸೇರಿ, ಅಲ್ಲಿಯವರೆಗೆ ಮನೆಯವರು ಮುಚ್ಚಿಡುತ್ತಿದ್ದ ಹುಟ್ಟುದೋಷಗಳ ಬಗ್ಗೆ ಊರೂರಿಗೆ ಹೋಗಿ ಮಾತನಾಡಿದರು. ಹೊಸ ಗುರಿಗೆ ಜನರ ಒಪ್ಪಿಗೆ ದೊರಕಿಸಿದವರಲ್ಲಿ ಅವರಿಗೆ ಮೊದಲ ಸ್ಥಾನ ಸಲ್ಲಬೇಕು.

ಹೊಸ ಗುರಿಯ ಒಂದು ಕೊರತೆ ಮಾತ್ರ ಕೊನೆಗೂ ನೀಗಲಿಲ್ಲ. ಹುಟ್ಟುದೋಷಗಳಿಗೆ ಕಾರಣ ಹಲವು, ಒಂದೇ ಲಸಿಕೆಯಿಂದ ಮುಗಿಯುವ ಕೆಲಸವಲ್ಲ. ಬೇಸಿಗೆ ಬಂತೆಂದರೆ ಈಜುಕೊಳ, ಚಿತ್ರಮಂದಿರಗಳನ್ನೇ ಮುಚ್ಚಿಸುತ್ತಿದ್ದ ಪೋಲಿಯೊ ಭೀತಿಯ ಹಿಡಿತ ಇದಕ್ಕೆ ಬರಲಿಲ್ಲ. ಹಣ ಎತ್ತುವ ರೀತಿಯನ್ನು ಮತ್ತೆ ಬದಲಿಸಬೇಕಾಯಿತು. 1970ರಲ್ಲಿ ‘ವಾಕ್ ಅಮೆರಿಕ’ ನಡಿಗೆ ಶುರುವಾಯಿತು. ಪರಿಚಿತರು ಮೈಲಿಗಿಷ್ಟು ಎಂದು ಹಣ ಕೊಡುವ ಈ ಕ್ರಮವನ್ನು ಮುಂದೆ ಬೇರೆ ಸಂಸ್ಥೆಗಳೂ ಅನುಸರಿಸಿದವು. 2008ರಲ್ಲಿ ಇದರ ಹೆಸರು ‘ಮಾರ್ಚ್ ಫಾರ್ ಬೇಬೀಸ್’ ಆಯಿತು. ನಂತರದ ವರ್ಷಗಳಲ್ಲಿ ನಡಿಗೆಯ ವರಮಾನ ಕುಗ್ಗಿದಾಗ ಸಂಸ್ಥೆ ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್‌ನ ಕೇಂದ್ರ ಕಚೇರಿ ಬಿಟ್ಟು ವರ್ಜೀನಿಯಾದ ಆರ್ಲಿಂಗ್ಟನ್‌ಗೆ ಸ್ಥಳಾಂತರಗೊಂಡಿತು.

ಗರ್ಭಿಣಿಯರಿಗೆ ಫೋಲಿಕ್ ಆಮ್ಲ ಸಿಗಬೇಕೆಂದು ಪ್ರಚಾರ ಮಾಡಿದವರಲ್ಲಿ ಈ ಸಂಸ್ಥೆಯೂ ಒಂದು. ಅಮೆರಿಕದಲ್ಲಿ 1998ರಿಂದ ಪೋಷಕಾಂಶ ಸೇರಿಸಿ ಮಾರುವ ಹಿಟ್ಟು ಮತ್ತಿತರ ಧಾನ್ಯೋತ್ಪನ್ನಗಳಲ್ಲಿ ಅದನ್ನು ಬೆರೆಸುವುದು ಕಡ್ಡಾಯವಾಯಿತು. 2003ರಲ್ಲಿ ಅವಧಿಗೆ ಮುಂಚಿನ ಹೆರಿಗೆಯನ್ನು ತಡೆಯುವ ಅಭಿಯಾನ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳ ಜತೆ ಅದು 2012ರಲ್ಲಿ ಹೊರತಂದ ‘ಬಾರ್ನ್ ಟೂ ಸೂನ್’ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಮಕ್ಕಳು ಅವಧಿಗೆ ಮುಂಚೆ ಹುಟ್ಟುತ್ತಿದ್ದರು. ಅವರಲ್ಲಿ ಸುಮಾರು 35 ಲಕ್ಷ ಮಕ್ಕಳು ಹುಟ್ಟುತ್ತಿದ್ದುದು ಭಾರತದಲ್ಲಿ.