ಬಿಸಿ ಸಾರೂ ಪ್ಲಾಸ್ಟಿಕ್ ಡಬ್ಬಿಯೂ

1936ರಲ್ಲಿಯೇ ಲಂಡನ್ನಿನ ವಿಜ್ಞಾನಿ ಚಾರ್ಲ್ಸ್ ಡಾಡ್ಸ್, ಬಿಸ್ಫಿನಾಲ್-ಎ ಎಂಬ ರಾಸಾಯನಿಕವು ಸ್ತ್ರೀ ಹಾರ್ಮೋನಿನಂತೆ ವರ್ತಿಸಬಲ್ಲುದೆಂದು ತೋರಿಸಿದ್ದರು. ಆದರೂ 1950ರ ದಶಕದಿಂದ ಅದನ್ನೇ ಬಳಸಿ ಗಾಜಿನಂತೆ ಹೊಳೆಯುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ತಯಾರಿಸಲಾಯಿತು. ಮುಂದೆ ಹಸುಗೂಸುಗಳ ಹಾಲಿನ ಸೀಸೆಗಳೂ ಅದರಿಂದಲೇ ಆದವು. 1993ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು, ಬಿಸಿಮಾಡಿದಾಗ ಈ ರಾಸಾಯನಿಕವು ಪ್ಲಾಸ್ಟಿಕ್ಕಿನಿಂದ ನೀರಿಗಿಳಿಯುವುದನ್ನು ಕಂಡರು. ಸೀಸೆಗಳಲ್ಲಿ ಅದರ ಬಳಕೆಯನ್ನು ಯೂರೋಪು ನಿಷೇಧಿಸಿದ್ದು 2011ರಲ್ಲಿ. ಅಮೆರಿಕವು ಅನುಮತಿಯನ್ನು ಹಿಂತೆಗೆದುಕೊಂಡದ್ದು 2012ರಲ್ಲಿ. ಅರಿವಿಗೂ ಕಾನೂನಿಗೂ ನಡುವೆ ಮೂರು ತಲೆಮಾರುಗಳೇ ಕಳೆದವು.

ಬದಲಿಗೆ ಬಂದ ಬಿಸ್ಫಿನಾಲ್-ಎಸ್ ಸಹ ಹಾರ್ಮೋನನ್ನು ಅನುಕರಿಸಬಲ್ಲುದು. ಆದುದರಿಂದ ನಾವು ಕಾನೂನಿಗಾಗಿ ಕಾಯದೆ, ಊರಿನಿಂದ ಹೊತ್ತು ತಂದ ಸ್ಟೀಲ್ ಡಬ್ಬಿಗಳನ್ನು ಮತ್ತೆ ಬಳಕೆಗೆ ತರೋಣ. ಬಿಸಿ ಸಾರನ್ನು ಪ್ಲಾಸ್ಟಿಕ್ಕಿಗೆ ಸುರಿಯದಿರೋಣ. ಮಕ್ಕಳ ಅನ್ನವನ್ನು ಮೈಕ್ರೋವೇವಿನಲ್ಲಿ ಗಾಜಿನ ಬಟ್ಟಲಲ್ಲೇ ಬಿಸಿಮಾಡೋಣ.